ಸೆಲ್ಫ್ ಮೋಟಾರು ತಿರುಗುತ್ತದೆ, ಇಂಜಿನ್ ಕದಲುವುದಿಲ್ಲ

ಓದುಗರ ಪ್ರಶ್ನೆ: ನಾನು ಮೈಸೂರಿನವನು, ಈಗ ಅಮೆರಿಕದ ಓಹಾಯೋದಲ್ಲಿದ್ದೇನೆ. ಇಲ್ಲಿ 1972ರ ಹೋಂಡಾ ಸಿಬಿ350 ಬೈಕೊಂದನ್ನು ಕೊಂಡಿದ್ದೇನೆ. ಕಿಕ್ ಹೊಡೆದರೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಸೆಲ್ಫ್ ಬಟನ್ ಒತ್ತಿದರೆ ಮಾತ್ರ ಮೋಟಾರು ಝುಂಯ್ ಎಂದು ಸುತ್ತುತ್ತದೆ, ಇಂಜಿನ್ ಅಲ್ಲಾಡುವುದೇ ಇಲ್ಲ. ಹತ್ತು ಸಲ ಒತ್ತಿದರೆ ಒಂದು ಸಲ ಹಿಡಿಯುತ್ತದೆ. ಸ್ಟಾರ್ಟರ್ ಕ್ಲಚ್ ಹೋಗಿದೆ ಎನ್ನುತ್ತಾರೆ. ನನ್ನ ಬಳಿ ಸಾಮಾನ್ಯ ಸ್ಪ್ಯಾನರ್, ಸಾಕೆಟ್ ಸೆಟ್ ಬಿಟ್ಟರೆ ಕಂಪನಿಯ ಪುಲ್ಲರ್ ಇತ್ಯಾದಿ ಏನೂ ಇಲ್ಲ. ಮನೆಯಲ್ಲೇ ರಿಪೇರಿ ಮಾಡಬಹುದೇ? ಅಥವಾ ಕಿಕ್ ಇದ್ದೇ ಇದೆಯಲ್ಲ ಎಂದು ಸುಮ್ಮನಿದ್ದುಬಿಡಲೇ?

ಉತ್ತರ: ಮನೆಯಲ್ಲೇ ಮಾಡಬಹುದು. ಈ ಕೆಲಸದಲ್ಲಿ ನಿಜಕ್ಕೂ ವಿಶೇಷ ಉಪಕರಣ ಬೇಕಾಗುವುದು ಒಂದೇ ಕಡೆ, ಮ್ಯಾಗ್ನೆಟ್ ಎಳೆಯುವಾಗ. ಅದಕ್ಕೆ ಬೇಕಾದ ವಸ್ತು ನಿಮ್ಮ ಬೈಕಿನ ಹಿಂದಿನ ಚಕ್ರದಲ್ಲೇ ಇದೆ. ಉಳಿದದ್ದೆಲ್ಲ ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಆಮೇಲೆ ಎಂಬ ಕ್ರಮದ ಮೇಲೆ ನಿಂತಿದೆ. ಕ್ರಮ ತಪ್ಪಿದರೆ ಕೈಯಲ್ಲಿ ಎಷ್ಟು ಉಪಕರಣವಿದ್ದರೂ ಸಾಲದು.

ಮೊದಲು ಬೈಕಿನ ಬಗ್ಗೆ ಎರಡು ಮಾತು. ಇದು ಈಗ ಭಾರತದಲ್ಲಿ ಮಾರುವ ಹೈನೆಸ್ ಸಿಬಿ350 ಅಲ್ಲ. ಅದು 2020ರಲ್ಲಿ ಬಂದ ಒಂದೇ ಸಿಲಿಂಡರಿನ ಬೈಕು. ನಿಮ್ಮದು 1968ರಿಂದ 1973ರವರೆಗೆ ತಯಾರಾದ, 325 ಸಿಸಿಯ, ಎರಡು ಸಿಲಿಂಡರಿನ ಹಳೆಯ ಹೋಂಡಾ. ಆ ಕಾಲದಲ್ಲಿ ಅಮೆರಿಕದಲ್ಲಿ ಬಹಳ ಮಾರಾಟವಾದ ಬೈಕುಗಳಲ್ಲಿ ಇದೂ ಒಂದು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಿಗೆ ಕಿಕ್ ಒಂದೇ ಗತಿಯಾಗಿತ್ತು. ಬ್ರಿಟಿಷರ ನಾರ್ಟನ್ ಕಮ್ಯಾಂಡೋಗೆ ಸೆಲ್ಫ್ ಬಂದದ್ದೇ 1975ರಲ್ಲಿ. ಹೋಂಡಾ ಅದಕ್ಕೂ ಎಷ್ಟೋ ಮೊದಲೇ ಸಾಮಾನ್ಯ ಸವಾರನ ಬೈಕಿಗೂ ಬಟನ್ ಕೊಟ್ಟಿತ್ತು. ಆ ಬಟನ್ನಿನ ಹಿಂದೆ ದುಡಿಯುವ ಪುಟ್ಟ ಭಾಗವೇ ಈಗ ನಿಮಗೆ ತೊಂದರೆ ಕೊಡುತ್ತಿರುವ ಸ್ಟಾರ್ಟರ್ ಕ್ಲಚ್. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದನ್ನು ‘ಒನ್ ವೇ’ ಎನ್ನುತ್ತಾರೆ.

ಒಳಗೆ ಏನಿದೆ

ಇಂಜಿನ್ನಿನ ಮುಂಭಾಗದಲ್ಲಿ ಸೆಲ್ಫ್ ಮೋಟಾರು ಇದೆ. ಅದರ ಶಕ್ತಿ ಒಂದು ಸಣ್ಣ ಚೈನಿನ ಮೂಲಕ ಕ್ರ್ಯಾಂಕಿನ ಎಡತುದಿಯಲ್ಲಿರುವ ಸ್ಪ್ರಾಕೆಟ್‌ಗೆ ಬರುತ್ತದೆ. ಈ ಸ್ಪ್ರಾಕೆಟ್ ಕ್ರ್ಯಾಂಕಿಗೆ ಕಚ್ಚಿಕೊಂಡಿಲ್ಲ, ಅದರ ಮೇಲೆ ಸಡಿಲವಾಗಿ ತಿರುಗುತ್ತದೆ. ಅದರ ಹೊರಗೆ ಕ್ರ್ಯಾಂಕಿಗೆ ಬಿಗಿದ ಮ್ಯಾಗ್ನೆಟ್ ರೋಟರ್ ಇದೆ. ರೋಟರಿನ ಬೆನ್ನಿಗೆ ಮೂರು ಸ್ಕ್ರೂಗಳಿಂದ ಕೂಡಿಸಿದ ದಪ್ಪ ಉಂಗುರವೇ ಕ್ಲಚ್ಚಿನ ಹೊರಭಾಗ. ಉಂಗುರದಲ್ಲಿ ಮೂರು ಗೂಡುಗಳಿವೆ. ಪ್ರತಿ ಗೂಡಿನಲ್ಲೂ ಒಂದು ಉಕ್ಕಿನ ರೋಲರ್, ಅದನ್ನು ತಳ್ಳುವ ಒಂದು ಸ್ಪ್ರಿಂಗ್, ಎರಡರ ನಡುವೆ ಒಂದು ಪುಟ್ಟ ಟೋಪಿ. ಗೂಡಿನ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಸ್ಪ್ರಿಂಗ್ ಸದಾ ರೋಲರನ್ನು ಕಿರಿದಾದ ಬದಿಗೆ ತಳ್ಳುತ್ತಿರುತ್ತದೆ.

ಬಾಗಿಲಿನ ಕೆಳಗೆ ಸಿಕ್ಕಿಸಿದ ಬೆಣೆ ಒಂದು ದಿಕ್ಕಿಗೆ ನೂಕಿದಷ್ಟೂ ಬಿಗಿಯುತ್ತದೆ, ಇನ್ನೊಂದು ದಿಕ್ಕಿಗೆ ಎಳೆದರೆ ಸಲೀಸಾಗಿ ಬಿಡುತ್ತದೆ. ಇಲ್ಲಿ ಆಗುವುದೂ ಅಷ್ಟೇ. ಮೋಟಾರು ಸ್ಪ್ರಾಕೆಟ್ ತಿರುಗಿಸಿದಾಗ ಅದರ ನಯವಾದ ಕುತ್ತಿಗೆ ಮೂರೂ ರೋಲರುಗಳನ್ನು ಕಿರಿದಾದ ಬದಿಗೆ ಒಯ್ದು ಸಿಕ್ಕಿಸುತ್ತದೆ. ಆಗ ಸ್ಪ್ರಾಕೆಟ್, ರೋಟರ್, ಕ್ರ್ಯಾಂಕ್ ಮೂರೂ ಒಂದಾಗಿ ತಿರುಗುತ್ತವೆ. ಇಂಜಿನ್ ಹೊತ್ತಿಕೊಂಡು ಸ್ಪ್ರಾಕೆಟ್‌ಗಿಂತ ಜೋರಾಗಿ ತಿರುಗಿದ ಕೂಡಲೇ ರೋಲರುಗಳು ಅಗಲವಾದ ಬದಿಗೆ ಸರಿದು ಹಿಡಿತ ಬಿಡುತ್ತವೆ. ಹಲ್ಲಿಗೆ ಹಲ್ಲು ಕೂರುವ ಮಾತೇ ಇಲ್ಲಿಲ್ಲ. ಎಲ್ಲವೂ ಮೂರು ರೋಲರು ಮತ್ತು ಒಂದು ನಯವಾದ ಮೇಲ್ಮೈಯ ನಡುವಿನ ಘರ್ಷಣೆ. ಆದ್ದರಿಂದ ಕೆಡುವುದೂ ಅಲ್ಲೇ: ರೋಲರ್ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ, ಟೋಪಿ ಜಿಡ್ಡು ಹಿಡಿದು ಗೂಡಿನಲ್ಲೇ ಕೂತುಬಿಡುತ್ತದೆ, ಸ್ಪ್ರಾಕೆಟ್ ಕುತ್ತಿಗೆಯಲ್ಲಿ ಗೀರು ಬೀಳುತ್ತದೆ, ಇಲ್ಲವೇ ಆ ಮೂರು ಸ್ಕ್ರೂ ಸಡಿಲವಾಗುತ್ತವೆ.

ಬಿಚ್ಚುವ ಮೊದಲು

ದೋಷ ಕ್ಲಚ್ಚಿನದೇ ಎಂದು ಖಚಿತ ಮಾಡಿಕೊಳ್ಳಿ. ಬಟನ್ ಒತ್ತಿದಾಗ ಬರೀ ‘ಟಕ್’ ಎಂದರೆ ಬ್ಯಾಟರಿ, ರಿಲೇ ಕಡೆ ನೋಡಿ. ಮೋಟಾರು ಕುಂಟುತ್ತ ತಿರುಗಿದರೆ ಬ್ಯಾಟರಿ, ಕೇಬಲ್ ಅಥವಾ ಮೋಟಾರಿನ ಬ್ರಶ್. ನೀವು ಬರೆದಂತೆ ಮೋಟಾರು ಹಗುರಾಗಿ ಜೋರಾಗಿ ಸುತ್ತಿ, ಇಂಜಿನ್ ಕದಲದಿದ್ದರೆ ಕಾರಣ ಎರಡೇ: ಚೈನು ತುಂಡಾಗಿದೆ, ಇಲ್ಲವೇ ಕ್ಲಚ್ ಜಾರುತ್ತಿದೆ. ಹತ್ತರಲ್ಲಿ ಒಂದು ಸಲ ಹಿಡಿಯುತ್ತದೆ ಎಂದಿದ್ದೀರಿ. ತುಂಡಾದ ಚೈನು ಒಮ್ಮೆಯೂ ಹಿಡಿಯಲಾರದು, ಹಾಗಾಗಿ ಇದು ಕ್ಲಚ್ಚೇ.

ಇನ್ನೊಂದು ಪರೀಕ್ಷೆ ಮಾಡಿ. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅವುಗಳನ್ನು ಕ್ಯಾಪಿನೊಳಗಿಟ್ಟು ಇಂಜಿನ್ ಲೋಹಕ್ಕೆ ತಾಗಿಸಿಟ್ಟು ಬಟನ್ ಒತ್ತಿ. ಕಂಪ್ರೆಶನ್ ಇಲ್ಲದಾಗ ಇಂಜಿನ್ ತಿರುಗಿ, ಪ್ಲಗ್ ಹಾಕಿದಾಗ ಜಾರಿದರೆ ಕ್ಲಚ್ ಪೂರ್ತಿ ಸತ್ತಿಲ್ಲ ಎಂದರ್ಥ. ಜಿಡ್ಡು ಅಥವಾ ಸ್ಪ್ರಿಂಗ್ ಕಾರಣವಿರಬಹುದು. ಆಗ ಹಳೆಯ ಆಯಿಲ್ ಚೆಲ್ಲಿ, ಜೆಎಎಸ್ಒ ಎಂಎ ಗುರುತಿನ 10ಡಬ್ಲ್ಯು-40 ಮೋಟಾರ್‌ಸೈಕಲ್ ಆಯಿಲ್ ಹಾಕಿ ಕೆಲವು ದಿನ ಓಡಿಸಿ ನೋಡಿ. ವರ್ಷಗಟ್ಟಲೆ ನಿಂತಿದ್ದ ಬೈಕಿನಲ್ಲಿ ಗಟ್ಟಿಯಾದ ಆಯಿಲ್ಲೇ ರೋಲರುಗಳನ್ನು ಹಿಡಿದಿಟ್ಟಿರುವುದುಂಟು. ಇಂಧನ ಉಳಿಸುವ ಗುರುತಿರುವ ಕಾರಿನ ಆಯಿಲ್ ಬೇಡ. ಜಾರಿಕೆ ಹೆಚ್ಚಿಸುವ ಅದರ ರಾಸಾಯನಿಕಗಳು ಗೇರಿನ ಕ್ಲಚ್ಚಿಗೂ ಒಳ್ಳೆಯದಲ್ಲ.

ಬಿಚ್ಚುವ ಕ್ರಮ

ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಗೇರ್ ಲಿವರ್ ತೆಗೆದು ಎಡಗಡೆಯ ಕವರಿನ ಸ್ಕ್ರೂಗಳಿಗೆ ಕೈ ಹಾಕಿ. ಅಡಿಯಲ್ಲಿ ತಟ್ಟೆ ಇಡಿ, ಆಯಿಲ್ ಸುರಿದೀತು. ಈ ಸ್ಕ್ರೂಗಳ ತಲೆಯ ಅಡ್ಡಗೀಟು ಅಮೆರಿಕದ ಫಿಲಿಪ್ಸ್‌ನಂತೆ ಕಂಡರೂ ಅದಲ್ಲ. ಜಪಾನಿನ ಜೆಐಎಸ್ ಅಳತೆ ಸ್ವಲ್ಪ ಬೇರೆ. ಫಿಲಿಪ್ಸ್ ಡ್ರೈವರ್ ಇಟ್ಟು ತಿರುಗಿಸಿದರೆ ಅದು ಮೇಲೆದ್ದು ಗೀಟನ್ನು ಸವೆಸಿಬಿಡುತ್ತದೆ. ಒಂದು ಜೆಐಎಸ್ ಡ್ರೈವರ್, ಸುತ್ತಿಗೆಯಿಂದ ಹೊಡೆಯುವ ಕೈ ಇಂಪ್ಯಾಕ್ಟ್ ಡ್ರೈವರ್ ಎರಡನ್ನೂ ಕೊಳ್ಳಿ. ಇವು ಈ ಒಂದು ಕೆಲಸಕ್ಕಷ್ಟೇ ಅಲ್ಲ, ಹಳೆಯ ಜಪಾನಿ ಬೈಕು ಮನೆಯಲ್ಲಿರುವಷ್ಟು ಕಾಲ ಬೇಕಾಗುತ್ತವೆ. ಕವರ್ ಬರುವಾಗ ಮ್ಯಾಗ್ನೆಟ್ ಅದನ್ನು ಹಿಡಿದೆಳೆದಂತೆ ಅನಿಸಬಹುದು. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಸುತ್ತ ಮರದ ತುಂಡಿನಿಂದ ತಟ್ಟಿ ಬಿಡಿಸಿ. ವೈರುಗಳ ಮೇಲೆ ಕವರಿನ ಭಾರ ಬೀಳದಿರಲಿ.

ಈಗ ರೋಟರಿನ ನಡುವಿನ ಬೋಲ್ಟ್. ಹೆಚ್ಚಿನವರು ಎಡವುವುದು ಇಲ್ಲಿಯೇ. ಬೋಲ್ಟ್ ಸಡಿಲಿಸಲು ಕ್ರ್ಯಾಂಕ್ ತಿರುಗದಂತೆ ಹಿಡಿಯಬೇಕು. ಗಾಡಿಯನ್ನು ಐದನೇ ಗೇರಿಗೆ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಬಲವಾಗಿ ತುಳಿದರೆ ಅದು ತಾನಾಗಿ ಆಗುತ್ತದೆ. ಅಂದರೆ ಈ ಹಂತದಲ್ಲಿ ಹಿಂದಿನ ಚಕ್ರ ಗಾಡಿಯಲ್ಲೇ ಇರಬೇಕು. ಆದರೆ ಪುಲ್ಲರ್ ಆಗಿ ಬಳಸಲಿರುವುದು ಹಿಂದಿನ ಚಕ್ರದ ಆಕ್ಸಲ್! ಆದ್ದರಿಂದ ಮೊದಲು ಬೋಲ್ಟ್ ಬಿಚ್ಚಿ, ಆಮೇಲೆ ಚಕ್ರ ಕಳಚಿ. ಉತ್ಸಾಹದಲ್ಲಿ ಮೊದಲೇ ಆಕ್ಸಲ್ ಎಳೆದುಕೊಂಡರೆ ಬ್ರೇಕೂ ಇಲ್ಲ, ಬೋಲ್ಟೂ ಬರುವುದಿಲ್ಲ. ಬೋಲ್ಟಿನದು ಸಾಮಾನ್ಯ ಬಲಗೈ ಥ್ರೆಡ್. ಸ್ಪ್ಯಾನರಿಗಿಂತ ಸಾಕೆಟ್ ಮತ್ತು ಉದ್ದ ಹಿಡಿ ಒಳ್ಳೆಯದು.

ಬೋಲ್ಟ್ ಬಂದ ಮೇಲೂ ರೋಟರ್ ಅಲ್ಲಾಡುವುದಿಲ್ಲ. ಅದು ಕ್ರ್ಯಾಂಕಿನ ಇಳಿಜಾರಾದ ತುದಿಯ ಮೇಲೆ ಕಚ್ಚಿ ಕೂತಿರುತ್ತದೆ. ರೋಟರಿನ ನಡುವಿನ ತೂತಿನಲ್ಲಿ ಬೋಲ್ಟಿಗಿಂತ ದೊಡ್ಡದಾದ ಇನ್ನೊಂದು ಥ್ರೆಡ್ ಕಾಣುತ್ತದೆ: 16 ಮಿಲಿಮೀಟರ್, 1.5 ಪಿಚ್. ಕಂಪನಿಯ ಪುಲ್ಲರ್ ಕೂರುವುದು ಅಲ್ಲಿ. ಹಿಂದಿನ ಆಕ್ಸಲ್ಲಿನ ತುದಿಯ ಥ್ರೆಡ್ಡೂ ಅದೇ. ಆಕ್ಸಲ್ ತೆಗೆದು, ಥ್ರೆಡ್ ಒರೆಸಿ, ಆಯಿಲ್ ಹಚ್ಚಿ ಬೆರಳಿನಿಂದಲೇ ತಿರುಗಿಸಿ. ಕೈಯಲ್ಲಿ ಸರಾಗವಾಗಿ ನಾಲ್ಕಾರು ಸುತ್ತು ಒಳಹೋದರೆ ಮಾತ್ರ ಮುಂದುವರಿಯಿರಿ. ಮೊದಲ ಸುತ್ತಿನಲ್ಲೇ ತಡೆದರೆ ಸ್ಪ್ಯಾನರ್ ಹಾಕಬೇಡಿ. ಹಿಂದಿನ ಮಾಲೀಕರು ಬೇರೆ ಆಕ್ಸಲ್ ಹಾಕಿರಬಹುದು, ಥ್ರೆಡ್ಡಿನಲ್ಲಿ ಕೊಳೆ ತುಂಬಿರಬಹುದು. ಚಕ್ರ ಕಳಚಲು ಮನಸ್ಸಿಲ್ಲದಿದ್ದರೆ ಅದೇ ಅಳತೆಯ ಗಟ್ಟಿ ಬೋಲ್ಟೊಂದನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ತನ್ನಿ. ಆಗ ಬ್ರೇಕಿನ ಗೊಂದಲವೂ ಇಲ್ಲ.

ಆಕ್ಸಲ್ ಬಿಗಿಯುವಾಗ ರೋಟರ್ ಅದರೊಡನೆ ತಿರುಗದಂತೆ ಹಿಡಿಯಬೇಕಲ್ಲ, ಅದಕ್ಕೆ ಕಾರಿನ ಆಯಿಲ್ ಫಿಲ್ಟರ್ ಬಿಚ್ಚುವ ಪಟ್ಟಿ ಸ್ಪ್ಯಾನರ್ ಸಾಕು. ಪಟ್ಟಿಯನ್ನು ರೋಟರಿನ ಸುತ್ತ ಹಾಕಿ ಹಿಡಿದು ಆಕ್ಸಲ್ ಬಿಗಿಯಿರಿ. ಚೆನ್ನಾಗಿ ಬಿಗಿಯಾದಾಗ ಆಕ್ಸಲ್ಲಿನ ಹೊರತುದಿಗೆ ಸುತ್ತಿಗೆಯಿಂದ ಒಂದು ಚುರುಕಾದ ಪೆಟ್ಟು. ಬರದಿದ್ದರೆ ಇನ್ನಷ್ಟು ಬಿಗಿದು ಮತ್ತೊಂದು. ‘ಟಣ್’ ಎಂದು ಬಿಟ್ಟುಕೊಂಡಾಗ ನಿಮಗೇ ತಿಳಿಯುತ್ತದೆ. ಪೆಟ್ಟು ಆಕ್ಸಲ್ ತುದಿಗೆ ಮಾತ್ರ. ರೋಟರಿನ ಅಂಚಿಗೆ ಹೊಡೆಯುವುದು, ಹಿಂದಿನಿಂದ ಜಾಕ್ ರಾಡ್ ಹಾಕಿ ಮೀಟುವುದು, ಬ್ಲೋಟಾರ್ಚ್ ಹಿಡಿಯುವುದು ಮೂರೂ ಬೇಡ. ಆಯಸ್ಕಾಂತ ಬಿರುಕು ಬಿಡಬಹುದು, ಅದರ ಬಲ ಕುಂದಬಹುದು. ಆಗ ಸೆಲ್ಫ್ ಸರಿಯಾದರೂ ಬ್ಯಾಟರಿ ಚಾರ್ಜ್ ಆಗದ ಹೊಸ ತಲೆನೋವು ಶುರು.

ರೋಟರ್ ಬಂದೊಡನೆ ಕ್ರ್ಯಾಂಕಿನ ಮೇಲಿರುವ ಅರ್ಧಚಂದ್ರಾಕಾರದ ಕೀ ಎಲ್ಲಿದೆ ಎಂದು ನೋಡಿ, ತೆಗೆದು ಡಬ್ಬಿಯಲ್ಲಿಡಿ. ಅದು ರೋಟರಿಗೇ ಅಂಟಿಕೊಂಡು ಬರಬಹುದು. ಇಗ್ನಿಶನ್ ಟೈಮಿಂಗಿನ ಗುರುತುಗಳು ಈ ರೋಟರಿನ ಮೇಲೆಯೇ ಇರುವುದರಿಂದ ಕೀ ಇಲ್ಲದೆ ಕೂರಿಸಿದರೆ ಮುಂದೆ ಟೈಮಿಂಗ್ ನೋಡುವುದೇ ಸುಳ್ಳಾಗುತ್ತದೆ.

ಮೇಜಿನ ಮೇಲೆ

ರೋಟರನ್ನು ಬೆನ್ನು ಮೇಲೆ ಮಾಡಿ ಹಳೆಯ ಬಟ್ಟೆಯ ಮೇಲಿಡಿ. ಮೂರೂ ರೋಲರುಗಳು ಈಗ ಕಣ್ಣೆದುರೇ ಇವೆ. ಸ್ಪ್ರಿಂಗ್ ಹಾರಿಹೋಗದಂತೆ ಒಂದು ಬೆರಳು ಅಡ್ಡ ಹಿಡಿದು, ಸಣ್ಣ ಸ್ಕ್ರೂಡ್ರೈವರಿನಿಂದ ಒಂದೊಂದನ್ನೇ ಎಬ್ಬಿಸಿ. ಸಾಮಾನ್ಯವಾಗಿ ಉಂಗುರದ ಸ್ಕ್ರೂ ಬಿಚ್ಚದೆಯೇ ರೋಲರು, ಟೋಪಿ, ಸ್ಪ್ರಿಂಗ್ ಮೂರನ್ನೂ ತೆಗೆಯಬಹುದು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯಿರಿ, ಗೂಡುಗಳ ಮೂಲೆಯ ಕರಿಜಿಡ್ಡನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ.

ಮೈಕ್ರೊಮೀಟರ್ ಇಲ್ಲದಿದ್ದರೂ ಸವೆತ ಪತ್ತೆಹಚ್ಚಬಹುದು. ಕಿಟಕಿಯ ಗಾಜಿನ ತುಂಡೊಂದರ ಮೇಲೆ ರೋಲರನ್ನಿಟ್ಟು ಹಿಂದಿನಿಂದ ಬೆಳಕು ಬೀಳುವಂತೆ ಮಾಡಿ ನಿಧಾನ ಉರುಳಿಸಿ. ಚಪ್ಪಟೆಯಾಗಿದ್ದರೆ ಅದು ತಡವರಿಸಿ ನಿಲ್ಲುತ್ತದೆ, ಗಾಜು ಮತ್ತು ಉಕ್ಕಿನ ನಡುವೆ ಬೆಳಕಿನ ಗೆರೆ ಅಗಲವಾಗುತ್ತದೆ. ಮೂರು ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ, ಒಂದು ಕುಳ್ಳಗಿದ್ದರೆ ಮೂರನ್ನೂ ಬದಲಿಸಿ. ಟೋಪಿ ಗೂಡಿನಲ್ಲಿ ತನ್ನ ಭಾರದಿಂದಲೇ ಜಾರುವಂತಿರಬೇಕು.

ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡುವವರಿದ್ದಾರೆ. ಎರಡು ದಿನ ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಕುಗ್ಗುತ್ತದೆ. ರೋಲರಿನ ಜಾಗಕ್ಕೆ ಸಾಮಾನ್ಯ ಕಬ್ಬಿಣದ ಸರಳು ಕತ್ತರಿಸಿ ಹಾಕುವುದಂತೂ ಸಲ್ಲದು. ಬೆಣೆಯಾಗಿ ಸಿಕ್ಕಿಕೊಳ್ಳುವಾಗ ಬೀಳುವ ಒತ್ತಡಕ್ಕೆ ಮೆತ್ತನೆಯ ಉಕ್ಕು ಒಂದೇ ದಿನದಲ್ಲಿ ಜಜ್ಜಿಹೋಗುತ್ತದೆ, ಜೊತೆಗೆ ಗೂಡನ್ನೂ ಕೆಡಿಸುತ್ತದೆ. ಹೋಂಡಾದ ಬಿಡಿಭಾಗ ಸಿಗದಿದ್ದರೆ ಅದೇ ವ್ಯಾಸ, ಅದೇ ಉದ್ದದ, ಬೇರಿಂಗಿಗೆ ಬಳಸುವ ಹದಗೊಳಿಸಿದ ಉಕ್ಕಿನ ರೋಲರು ಹಾಕಬಹುದು. ರೋಲರು, ಟೋಪಿ, ಸ್ಪ್ರಿಂಗ್ ಮೂರೂ ಸಣ್ಣ ವಸ್ತುಗಳು, ಉಳಿಸಿದ ಹಣಕ್ಕಿಂತ ಮತ್ತೆ ಬಿಚ್ಚುವ ಶ್ರಮವೇ ದೊಡ್ಡದು. ಮೂರಕ್ಕೆ ಮೂರನ್ನೂ ಹೊಸದು ಹಾಕಿ.

ಉಂಗುರದ ಮೂರು ಸ್ಕ್ರೂಗಳನ್ನು ಪರೀಕ್ಷಿಸದೆ ಮುಚ್ಚಬೇಡಿ. ಉಂಗುರವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕೂದಲೆಳೆಯಷ್ಟು ಕದಲಿದರೂ ಸ್ಕ್ರೂ ತೆಗೆದು, ಥ್ರೆಡ್ಡಿನ ಜಿಡ್ಡು ತೊಳೆದು ಒಣಗಿಸಿ, ಥ್ರೆಡ್ ಹಿಡಿಸುವ ಅಂಟು ಹಚ್ಚಿ ಬಿಗಿಯಬೇಕು. ಆಮೇಲೆ ಪ್ರತಿ ಸ್ಕ್ರೂ ತಲೆಯ ಅಂಚಿಗೆ ಪಂಚಿನಿಂದ ಒಂದು ಗುರುತು ಹೊಡೆದರೆ ಅದು ತಿರುಗದು. ಕಾರ್ಖಾನೆಯಲ್ಲೂ ಹೀಗೆ ಹೊಡೆದಿರುವುದರಿಂದಲೇ ಇವನ್ನು ಬಿಚ್ಚುವುದು ಕಷ್ಟ. ಇಂಪ್ಯಾಕ್ಟ್ ಡ್ರೈವರಿಗೂ ಬಗ್ಗದಿದ್ದರೆ ಸ್ಕ್ರೂ ತಲೆಯನ್ನು ಡ್ರಿಲ್ ಮಾಡಿ ಹಾರಿಸಿ. ಉಂಗುರ ಮೇಲೆದ್ದ ಮೇಲೆ ಉಳಿದ ಮೋಟನ್ನು ಲಾಕಿಂಗ್ ಪ್ಲೈಯರಿನಿಂದ ತಿರುಗಿಸಿ ತೆಗೆಯಬಹುದು. ಡ್ರಿಲ್ ಹಿಡಿಯುವ ಮುನ್ನ ಆಯಸ್ಕಾಂತವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ ಟೇಪ್ ಸುತ್ತಿ. ಅದಕ್ಕೆ ಅಂಟಿದ ಕಬ್ಬಿಣದ ಪುಡಿಯನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ.

ಇನ್ನುಳಿದದ್ದು ಸ್ಪ್ರಾಕೆಟ್‌ನ ಕುತ್ತಿಗೆ. ಸ್ಪ್ರಾಕೆಟನ್ನು ಹಿಡಿದಿರುವ ಸಣ್ಣ ತಟ್ಟೆ ಬಿಚ್ಚಿ, ಚೈನು ಮತ್ತು ಮೋಟಾರಿನ ಕಡೆಯ ಸ್ಪ್ರಾಕೆಟ್ ಸಮೇತ ಒಟ್ಟಿಗೆ ಹೊರಗೆ ಜಾರಿಸಿ. ಕುತ್ತಿಗೆಯ ಮೇಲೆ ಉಗುರು ಆಡಿಸಿ. ಬರೀ ಹೊಳಪಿನ ಪಟ್ಟೆ ಕಂಡರೆ ನುಣುಪಾದ ಎಮರಿ ಕಾಗದದಿಂದ ಸುತ್ತ ಒಮ್ಮೆ ಉಜ್ಜಿ ತೊಳೆದರೆ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ ಹೊಸ ರೋಲರ್ ಹಾಕಿಯೂ ಪ್ರಯೋಜನವಿಲ್ಲ, ಅವು ಅದೇ ಗುಳಿಯಲ್ಲಿ ಹೋಗಿ ಕೂರುತ್ತವೆ. ಇದು ಮನೆಯಲ್ಲಿ ಸರಿಯಾಗುವ ಕೆಲಸವಲ್ಲ, ಒಳ್ಳೆಯ ಸ್ಥಿತಿಯ ಇನ್ನೊಂದು ಸ್ಪ್ರಾಕೆಟ್ ಹುಡುಕಿ.

ಜೋಡಿಸುವಾಗ

ಮತ್ತೆ ಗಾಡಿಗೆ ಏರಿಸುವ ಮೊದಲು ಮೇಜಿನ ಮೇಲೆಯೇ ಪರೀಕ್ಷೆ ಮುಗಿಸಿ. ಸ್ಪ್ರಿಂಗ್, ಟೋಪಿ, ರೋಲರುಗಳಿಗೆ ತೆಳುವಾಗಿ ಇಂಜಿನ್ ಆಯಿಲ್ ಸವರಿ ಕೂರಿಸಿ. ಗ್ರೀಸ್ ಬೇಡ, ಓಹಾಯೋದ ಚಳಿಯಲ್ಲಿ ಅದೇ ರೋಲರನ್ನು ಹಿಡಿದಿಡುತ್ತದೆ. ರೋಟರ್ ಬೆನ್ನು ಮೇಲಾಗಿರಲಿ, ಸ್ಪ್ರಾಕೆಟ್ ಕುತ್ತಿಗೆಯನ್ನು ತಿರುಗಿಸುತ್ತ ಒಳಗಿಳಿಸಿ. ಈಗ ಮೇಲಿನಿಂದ ನೋಡುತ್ತ ಸ್ಪ್ರಾಕೆಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ತಕ್ಷಣ ಹಿಡಿಯಬೇಕು, ವಿರುದ್ಧ ದಿಕ್ಕಿಗೆ ತಡೆಯಿಲ್ಲದೆ ತಿರುಗಬೇಕು. ಹಿಡಿಯುವ ಮುನ್ನ ಅದು ಸ್ವಲ್ಪ ಜಾರಿದರೆ ಯಾವುದೋ ಒಂದು ರೋಲರ್ ಸೋಮಾರಿಯಾಗಿದೆ. ಅದನ್ನು ಹುಡುಕಿ ಸರಿಪಡಿಸಿಯೇ ಮುಂದುವರಿಯಿರಿ.

ಸ್ಪ್ರಾಕೆಟ್, ಚೈನು ಸ್ವಸ್ಥಾನಕ್ಕೆ ಹೋದ ಮೇಲೆ ಕ್ರ್ಯಾಂಕಿನ ಇಳಿಜಾರು ಮತ್ತು ರೋಟರಿನ ಒಳತೂತು ಎರಡನ್ನೂ ಆಯಿಲ್ ಪಸೆ ಇಲ್ಲದಂತೆ ಒರೆಸಿ. ಆಯಸ್ಕಾಂತಕ್ಕೆ ನಟ್ಟು, ವಾಷರು ಅಂಟಿಲ್ಲವೇ ನೋಡಿ. ಕೀ ಕೂರಿಸಿ. ಗಾಡಿಯ ಎಡಗಡೆ ನಿಂತು, ರೋಟರನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತ ಒಳಕ್ಕೆ ಒತ್ತಿ. ಆ ದಿಕ್ಕಿನಲ್ಲಿ ರೋಲರುಗಳು ಹಿಂದೆ ಸರಿದು ಕುತ್ತಿಗೆಗೆ ದಾರಿ ಬಿಡುತ್ತವೆ. ಹಾಗೆಯೇ ತಿರುಗಿಸುತ್ತ ಕೀ ಮತ್ತು ಅದರ ಕಾಲುವೆ ಎದುರುಬದುರಾದಾಗ ಪೂರ್ತಿ ತಳ್ಳಿ. ಸುತ್ತಿಗೆಯಿಂದ ಹೊಡೆದು ಕೂರಿಸುವ ಪ್ರಸಂಗ ಬಂದರೆ ಏನೋ ತಪ್ಪಾಗಿದೆ, ಹೊರತೆಗೆದು ನೋಡಿ. ಬೋಲ್ಟನ್ನು ಕೈಯಲ್ಲಿ ಬಿಗಿದು ಬಿಡಿ. ಹಿಂದಿನ ಚಕ್ರ ಹಾಕಿ, ಚೈನ್ ಹದ ಮಾಡಿ, ಮತ್ತೆ ಐದನೇ ಗೇರು, ಮತ್ತೆ ಬ್ರೇಕು. ಆಗ ಬೋಲ್ಟನ್ನು ಸರ್ವಿಸ್ ಮ್ಯಾನುಯಲ್ಲಿನಲ್ಲಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಕವರಿನ ಪ್ಯಾಕಿಂಗ್ ಹರಿದಿದ್ದರೆ ಗ್ಯಾಸ್ಕೆಟ್ ಕಾಗದದ ಮೇಲೆ ಕವರಿನ ಆಯಿಲ್ ಹಚ್ಚಿದ ಅಂಚನ್ನು ಒತ್ತಿ, ಮೂಡಿದ ಗುರುತಿನ ಮೇಲೆ ಕತ್ತರಿಸಿ. ಚೆಲ್ಲಿಹೋದ ಆಯಿಲ್ ತುಂಬಿಸಲು ಮರೆಯಬೇಡಿ.

ಸುಮ್ಮನಿರಬಹುದೇ?

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ರೋಲರು ಸವೆದು ಬರೀ ಜಾರುತ್ತಿದ್ದರೆ ಕಿಕ್ ಹೊಡೆದುಕೊಂಡು ಎಷ್ಟು ದಿನ ಬೇಕಾದರೂ ಓಡಿಸಬಹುದು, ಬಟನ್ ಮುಟ್ಟದಿದ್ದರಾಯಿತು. ಆದರೆ ಎಡಗಡೆಯಿಂದ ಕಟಕಟ ಸದ್ದು ಬರುತ್ತಿದ್ದರೆ, ಅಥವಾ ಇಂಜಿನ್ ಹೊತ್ತಿಕೊಂಡ ಮೇಲೂ ಕೀರಲು ದನಿ ಮುಂದುವರಿದರೆ ಸುಮ್ಮನಿರಬೇಡಿ. ಮೊದಲನೆಯದು ಸಡಿಲ ಸ್ಕ್ರೂ. ಅದು ಬಿದ್ದರೆ ತಿರುಗುವ ರೋಟರಿಗೂ ಕವರಿಗೂ ನಡುವೆ ಸಿಕ್ಕಿ ಕಾಯಿಲ್‌ಗಳನ್ನು ಹರಿಯಬಹುದು. ಎರಡನೆಯದು ರೋಲರು ಹಿಡಿತ ಬಿಡದಿರುವ ಲಕ್ಷಣ. ಆಗ ಇಂಜಿನ್ನೇ ಚೈನಿನ ಮೂಲಕ ಸೆಲ್ಫ್ ಮೋಟಾರನ್ನು ಅದಕ್ಕೆ ತಾಳದ ವೇಗದಲ್ಲಿ ತಿರುಗಿಸುತ್ತಿರುತ್ತದೆ. ಎರಡರಲ್ಲಿ ಯಾವುದು ಕಂಡರೂ ಗಾಡಿ ನಿಲ್ಲಿಸಿ ಕವರ್ ಬಿಚ್ಚಿ.

ರಿಪೇರಿಯಾದ ಮೇಲೆ ಒಂದು ಕೆಲಸ ಬಾಕಿ ಉಳಿಯುತ್ತದೆ. ಈ ಕ್ಲಚ್ಚನ್ನು ಕೊಲ್ಲುವುದು ವಯಸ್ಸಿಗಿಂತ ಹೆಚ್ಚಾಗಿ ಇಂಜಿನ್ನಿನ ಹಿಂದೊದೆತ. ಬ್ಯಾಟರಿ ಸೊರಗಿ ಇಂಜಿನ್ ನಿಧಾನವಾಗಿ ತಿರುಗುವಾಗ, ಇಲ್ಲವೇ ಟೈಮಿಂಗ್ ಮುಂದಾಗಿರುವಾಗ ಪಿಸ್ಟನ್ ಮೇಲೇರುವ ಮೊದಲೇ ಕಿಡಿ ಹೊತ್ತಿ ಕ್ರ್ಯಾಂಕ್ ಹಿಂದಕ್ಕೆ ಒದೆಯುತ್ತದೆ. ಮುಂದಕ್ಕೆ ತಳ್ಳುತ್ತಿರುವ ಮೋಟಾರಿಗೂ ಹಿಂದಕ್ಕೆ ಒದೆಯುವ ಕ್ರ್ಯಾಂಕಿಗೂ ನಡುವೆ ಸಿಕ್ಕ ಮೂರು ರೋಲರುಗಳ ಮೇಲೆ ಆ ಪೆಟ್ಟೆಲ್ಲ ಬೀಳುತ್ತದೆ. ಹಾಗಾಗಿ ಪಾಯಿಂಟಿನ ಅಂತರ, ಟೈಮಿಂಗ್, ಬ್ಯಾಟರಿ ಮೂರನ್ನೂ ಸರಿ ಮಾಡಿಯೇ ಬಟನ್ ಒತ್ತಿ. ಒತ್ತುವುದು ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಬೇಡ, ಇಂಜಿನ್ ಹೊತ್ತಿಕೊಂಡ ಕ್ಷಣ ಬೆರಳು ತೆಗೆಯಿರಿ. ಚಳಿಗಾಲದ ಮೊದಲ ಸ್ಟಾರ್ಟಿಗೆ ಮಾತ್ರ ಕಿಕ್ಕನ್ನೇ ಬಳಸಿ. ಆಯಿಲ್ ಗಟ್ಟಿಯಾಗಿ ಬ್ಯಾಟರಿ ಸೊರಗಿರುವ ಆ ಹೊತ್ತಿನಲ್ಲೇ ಹಿಂದೊದೆತ ಹೆಚ್ಚು.